ಸಂಪಾದಕರ ಉತ್ತರ: ಮಗು ಯಾಕೆ ಎದ್ದು ಹೋಗುತ್ತದೆ?

ನಮಸ್ಕಾರ ಟೀಚರ್,

ನಿಮ್ಮ ಪತ್ರ ಓದಿದೆ. ಮೂರು-ನಾಲ್ಕು ವರ್ಷದ ಮಕ್ಕಳು ಆಡುವಾಗ ಪಕ್ಕದಲ್ಲಿ ಕೂತು ‘ಇದು ಯಾವ ಬಣ್ಣ? ಇಲ್ಲಿ ಎಷ್ಟಿವೆ?’ ಎಂದು ಕೇಳುತ್ತೀರಿ. ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ ಮಗು ಎದ್ದು ಹೋಗುತ್ತದೆ. ಹಾಗಂತ ಸುಮ್ನೆ ನೋಡುತ್ತ ಕೂತರೆ ಕೆಲಸ ಮಾಡುತ್ತಿಲ್ಲ ಅನಿಸುತ್ತದೆ. ಏನು ಮಾಡಲಿ ಎಂದು ಕೇಳಿದ್ದೀರಿ.

ಮಗು ಎದ್ದು ಹೋಗಿದ್ದನ್ನು ನೀವು ಗಮನಿಸಿದಿರಲ್ಲ, ಅದೇ ನನಗೆ ಖುಷಿ. ಆ ಪ್ರಶ್ನೆಗಳ ಉತ್ತರ ನಿಮಗೆ ಗೊತ್ತು. ನಿಮಗೆ ಗೊತ್ತು ಅಂತ ಮಗುವಿಗೂ ಗೊತ್ತು. ಅದು ಬ್ಲಾಕ್ ಜೋಡಿಸಿ ಸೇತುವೆ ಕಟ್ಟುತ್ತಿರುತ್ತದೆ, ನೀವು ಬಣ್ಣ ಕೇಳುತ್ತೀರಿ. ಮಗುವಿಗೆ ಅದು ಪರೀಕ್ಷೆಯ ಹಾಗೆ ಕಾಣುತ್ತದೆ.

ನಾನೊಮ್ಮೆ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಬ್ಬ ಪುಟ್ಟ ಹುಡುಗಿ ನೀರಿನ ಟಬ್ಬಿನ ಮುಂದೆ ಕೂತು ಕಾಗದದ ಲೋಟದಿಂದ ಬಾಟಲಿಗೆ ನೀರು ತುಂಬಿಸುತ್ತಿದ್ದಳು. ಒಳಗೆ ಹೋಗಿದ್ದಕ್ಕಿಂತ ಹೊರಗೆ ಚೆಲ್ಲಿದ್ದೇ ಜಾಸ್ತಿ. ಟೀಚರ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹುಡುಗಿಯೇ ‘ಇದರ ಬಾಯಿ ಚಿಕ್ಕದು’ ಎಂದಳು. ‘ಹೂಂ, ಚಿಕ್ಕದೇ. ನೀರೆಲ್ಲ ಪಕ್ಕಕ್ಕೆ ಓಡ್ತಿದೆ’ ಎಂದರು ಟೀಚರ್. ಮತ್ತೆ ಸುಮ್ಮನಾದರು. ಹುಡುಗಿ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅದರ ಅಂಚನ್ನು ಎರಡು ಬೆರಳಲ್ಲಿ ಒತ್ತಿ ಕೊಕ್ಕಿನ ಹಾಗೆ ಮಾಡಿದಳು. ನೀರು ಸಣ್ಣಗೆ ಒಳಗೆ ಇಳಿಯಿತು. ‘ಅರೆ, ಏನು ಮಾಡಿದೆ?’ ಎಂದು ಟೀಚರ್ ಕೇಳಿದ್ದು ಆಗ. ಹುಡುಗಿಯ ಮಾತು ನಿಲ್ಲಲೇ ಇಲ್ಲ.

ಮೊದಲೇ ‘ಕೊಡು, ನಾನು ಹಾಕ್ತೀನಿ’ ಎಂದಿದ್ದರೆ ಬಾಟಲಿ ತುಂಬುತ್ತಿತ್ತು. ಲೋಟಕ್ಕೆ ಕೊಕ್ಕು ಬರುತ್ತಿರಲಿಲ್ಲ.

ಆ ಟೀಚರ್ ಸುಮ್ಮನಿದ್ದದ್ದೂ ಕೆಲಸವೇ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನೇ ತೋರಿಸಿಕೊಟ್ಟರು. ತರಗತಿಗಳ ಧ್ವನಿಮುದ್ರಣ ಕೇಳಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ ಎಂದು ಅವರಿಗೆ ಗೊತ್ತಾಯಿತು. ಕಾಯುವುದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಯಿತು, ಹಿಂದೆ ಉಳಿಯುತ್ತಿದ್ದವರೂ ಬಾಯಿ ಬಿಟ್ಟರು. ಅವರು ನೋಡಿದ್ದು ನಿಮ್ಮ ಮಕ್ಕಳಿಗಿಂತ ದೊಡ್ಡವರನ್ನು. ನಿಮ್ಮವರು ಮಾತನ್ನೇ ಹುಡುಕಿ ತರಬೇಕು, ಇನ್ನೂ ಜಾಸ್ತಿ ಹೊತ್ತು ಬೇಕಲ್ವಾ?

ಹಾಗಾದರೆ ಕೈ ಹಾಕುವುದೇ ಬೇಡವೇ? ಬೇಕು. 1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು ಸಂಶೋಧಕರು ಸೇರಿ 3, 4, 5 ವರ್ಷದ ಮಕ್ಕಳಿಗೆ ಮರದ ತುಂಡುಗಳಿಂದ ಪಿರಮಿಡ್ ಕಟ್ಟಲು ಕೊಟ್ಟರು. ಜೊತೆಗಿದ್ದ ದೊಡ್ಡವರು ಮಗುವಿನ ಕೈಲಾದಷ್ಟನ್ನು ಮಗುವಿಗೇ ಬಿಡುತ್ತಿದ್ದರು, ಎಟುಕದ ಕಡೆ ಮಾತ್ರ ನೆರವಾಗುತ್ತಿದ್ದರು. ಈ ನೆರವಿಗೆ ಅವರು ಕೊಟ್ಟ ಹೆಸರು ‘ಸ್ಕ್ಯಾಫೋಲ್ಡಿಂಗ್’, ಅಂದರೆ ಸಾರವೆ. ಗೋಡೆ ಏಳುವಾಗ ಕಟ್ಟಿ, ಆಮೇಲೆ ಬಿಚ್ಚುತ್ತಾರಲ್ಲ, ಅದೇ. ನಮಗೆ ಕಟ್ಟುವುದು ಸುಲಭ, ಬಿಚ್ಚುವುದೇ ಕಷ್ಟ. ಮಗು ಮೂರ್ನಾಲ್ಕು ಸಲ ಸೋತು ಅಳುವ ಹಾಗಾದರೆ ಮೊದಲು ಒಂದು ಮಾತು ಹೇಳಿ. ಸಾಲದಿದ್ದರೆ ಬೆರಳು ಮಾಡಿ ತೋರಿಸಿ. ಅದೂ ಸಾಲದಿದ್ದರೆ ಒಂದು ತುಂಡು ಇಟ್ಟು, ಮುಂದಿನದನ್ನು ಮಗುವಿನ ಕೈಗೆ ಕೊಡಿ.

ಬಣ್ಣ, ಎಣಿಕೆ ಬಿಟ್ಟುಬಿಡಿ ಅಂತಲ್ಲ. ‘ನಂಗೂ ಎರಡು ಕೆಂಪು ಕೊಡ್ತೀಯಾ, ನನ್ನ ಸೇತುವೆ ಬೀಳ್ತಿದೆ’ ಅನ್ನಿ. ಬಣ್ಣವೂ ಬಂತು, ಲೆಕ್ಕವೂ ಬಂತು.

ತರಗತಿ ತುಂಬ ಮಕ್ಕಳಿರುವಾಗ ಒಬ್ಬೊಬ್ಬರ ಹತ್ತಿರ ಕೂರಲು ಪುರುಸೊತ್ತೆಲ್ಲಿ ಎಂದೂ ಬರೆದಿದ್ದೀರಿ. ನಿಜ. ಆದರೆ ಕೈ ತೊಳೆಸುವಾಗ, ಚಪ್ಪಲಿ ಹಾಕಿಸುವಾಗ ಒಂದು ಮಗು ನಿಮ್ಮೆದುರು ಒಂದೇ ನಿಂತಿರುತ್ತದೆ. ಆಗ ಅದು ಎತ್ತಿದ ಮಾತನ್ನು ಒಂದೆರಡು ಸುತ್ತು ಮುಂದಕ್ಕೆ ಒಯ್ದರೂ ಸಾಕು.

ನಾಳೆ ಆ ಮಗು ಮತ್ತೆ ಬ್ಲಾಕ್ ಹಿಡಿದು ಕೂತಾಗ ಏನೂ ಕೇಳದೆ ಪಕ್ಕದಲ್ಲಿ ಕೂತು ನೋಡಿ. ಮೊದಲು ಯಾರು ಮಾತಾಡಿದರು, ಏನು ಹೇಳಿದರು ಅಂತ ನನಗೆ ಬರೆಯಿರಿ.