ಚೌಕಟ್ಟಿನೊಳಗೆ ಓರೆಪಟ್ಟಿ: ಕರ್ಣದ ಗೆರೆ ಏಕೆ ಸಾಲದು?

ಪ್ರಶ್ನೆ: ಒಳ ಅಳತೆ 1200 × 900 ಮಿ.ಮೀ. ಇರುವ ಚೌಕಟ್ಟಿನೊಳಗೆ 100 ಮಿ.ಮೀ. ಅಗಲದ ಪಟ್ಟಿಯೊಂದನ್ನು, ಅದರ ನಾಲ್ಕು ಮೂಲೆಗಳೂ ಚೌಕಟ್ಟಿನ ಒಂದೊಂದು ಬದಿಗೆ ತಾಗುವಂತೆ ಓರೆಯಾಗಿ ಕೂರಿಸಬೇಕಾಗಿದೆ. ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಕರ್ಣವನ್ನು ಎಳೆದು, ಎರಡೂ ಪಕ್ಕಕ್ಕೆ 50 ಮಿ.ಮೀ. ಆಫ್‌ಸೆಟ್ ಮಾಡಿ (ಅಷ್ಟು ದೂರದಲ್ಲಿ ಸಮಾನಾಂತರ ಗೆರೆ ಎಳೆದು), ತುದಿಗಳನ್ನು ಆ ಗೆರೆಗಳಿಗೆ ಲಂಬವಾಗಿ ಕತ್ತರಿಸಿದರೆ ಎರಡು ಮೂಲೆಗಳು ಮಾತ್ರ ತಾಗುತ್ತವೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಗೆರೆಗಳಲ್ಲಿ ತಪ್ಪಿಲ್ಲ, ಪಟ್ಟಿಯ ಓರೆಯೂ ಕರ್ಣದ ಓರೆಯೂ ಒಂದೇ ಎಂದು ಭಾವಿಸಿದ್ದರಲ್ಲಿ ತಪ್ಪಿದೆ. ಕರ್ಣಕ್ಕೆ ಅಗಲವಿಲ್ಲ, ಪಟ್ಟಿಗೆ ಇದೆ. ಆ ಅಗಲಕ್ಕೆ ಎಡೆ ಮಾಡಿಕೊಡಲು ಪಟ್ಟಿಯು ಕರ್ಣಕ್ಕಿಂತ ತುಸು ಹೆಚ್ಚು ಮಲಗಬೇಕಾಗುತ್ತದೆ. ನಿಮ್ಮ ಚೌಕಟ್ಟಿನ ಕರ್ಣ 1500 ಮಿ.ಮೀ., ಅಡ್ಡಬದಿಯಿಂದ ಅಳೆದರೆ ಅದರ ಓರೆ 36.87 ಡಿಗ್ರಿ. ಅದೇ ಓರೆಯಲ್ಲಿ ಪಟ್ಟಿಯನ್ನು ಇಟ್ಟರೆ, ಅದರ ಉದ್ದ 1366.7 ಮಿ.ಮೀ. ಆಗುವಷ್ಟರಲ್ಲಿ ಮೇಲಿನ ಮತ್ತು ಕೆಳಗಿನ ಬದಿಗಳು ಅಡ್ಡ ಬರುತ್ತವೆ. ಎಡಕ್ಕೂ ಬಲಕ್ಕೂ ತಲಾ 23 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಜಾಗ ಖಾಲಿ ಉಳಿಯುತ್ತದೆ. ಸರಿಯಾದ ಓರೆ 35.64 ಡಿಗ್ರಿ, ಉದ್ದ 1404.9 ಮಿ.ಮೀ. ಒಂದೂಕಾಲು ಡಿಗ್ರಿಗೂ ಕಡಿಮೆಯಾದ ವ್ಯತ್ಯಾಸ ಉದ್ದದಲ್ಲಿ 38 ಮಿ.ಮೀ. ಆಗಿ ಕಾಣಿಸಿಕೊಳ್ಳುತ್ತದೆ. ಚೌಕಟ್ಟು ಸರಿ ಚೌಕವಾಗಿದ್ದರೆ ಮಾತ್ರ ಕರ್ಣದ ವಿಧಾನವೇ ಸರಿಯುತ್ತರ ಕೊಡುತ್ತದೆ. ಬಹುಶಃ ಅದಕ್ಕಾಗಿಯೇ ಈ ವಿಧಾನದ ಮೇಲೆ ಇಷ್ಟೊಂದು ನಂಬಿಕೆ ಬೆಳೆದಿದೆ.

ಈ ಓರೆಯನ್ನು ಕಂಡುಹಿಡಿಯಲು ಹೊರಟರೆ ನಾಲ್ಕನೇ ಘಾತದ ಸಮೀಕರಣ ಎದುರಾಗುತ್ತದೆ. ಅಳತೆಗೋಲು ಮತ್ತು ಕೈವಾರಗಳಿಂದ ಅದನ್ನು ಸಾಮಾನ್ಯವಾಗಿ ನಿಖರವಾಗಿ ಬಿಡಿಸಲಾಗುವುದಿಲ್ಲ. ಆದ್ದರಿಂದ ಗೆರೆ, ವೃತ್ತ, ಆಫ್‌ಸೆಟ್, ಟ್ರಿಮ್‌ಗಳಲ್ಲೇ ಎಷ್ಟು ಹೊತ್ತು ಹುಡುಕಿದರೂ ದಾರಿ ಸಿಗದಿದ್ದರೆ ಅದು ನಿಮ್ಮ ಕೌಶಲದ ಕೊರತೆಯಲ್ಲ.

ಆಟೋಕ್ಯಾಡ್‌ನ 2010ರ ಆವೃತ್ತಿಯಿಂದ ಬಂದಿರುವ ಕನ್‌ಸ್ಟ್ರೇಂಟ್‌ಗಳನ್ನು, ಅಂದರೆ ಗೆರೆಗಳು ಸದಾ ಪಾಲಿಸಬೇಕಾದ ನಿರ್ಬಂಧಗಳನ್ನು, ಬಳಸುವುದೇ ನನ್ನ ದೃಷ್ಟಿಯಲ್ಲಿ ಉತ್ತಮ. ಹೊರ ಆಯತವನ್ನು ಅಲುಗದಂತೆ ಫಿಕ್ಸ್ ಮಾಡಿ, ಒಳಗೆ ನಾಲ್ಕು ಗೆರೆಗಳ ಪಟ್ಟಿಯನ್ನು ಅಂದಾಜಿನಲ್ಲಿ, ಆದರೆ ಬೇಕಾದ ದಿಕ್ಕಿಗೇ ಓರೆಯಾಗಿ ಬರೆಯಿರಿ. ಗೆರೆಗಳ ತುದಿಗಳನ್ನು ಪರಸ್ಪರ ಕೂಡಿಸಿ, ಮೂರು ಮೂಲೆಗಳಿಗೆ ಲಂಬದ ನಿರ್ಬಂಧ ಕೊಡಿ. ನಾಲ್ಕನೆಯದು ತಾನಾಗಿಯೇ ಲಂಬವಾಗುತ್ತದೆ. ಬಳಿಕ ಪ್ರತಿಯೊಂದು ಮೂಲೆಯನ್ನೂ ಅದು ತಾಗಬೇಕಾದ ಬದಿಯ ಮೇಲೆ ಕೂರಿಸಿ, ಕೊನೆಗೆ ಅಗಲಕ್ಕೆ 100 ಎಂದು ಅಳತೆ ಕೊಡಿ. ಕೊನೆಯ ಅಳತೆ ಬೀಳುತ್ತಿದ್ದಂತೆ ಪಟ್ಟಿ ತಾನೇ ಸರಿದು ಜಾಗಕ್ಕೆ ಬಂದು ಕೂರುತ್ತದೆ. ಉದ್ದಕ್ಕೂ ಅಳತೆ ಕೊಡಲು ಹೋದರೆ ತಂತ್ರಾಂಶ ಒಪ್ಪುವುದಿಲ್ಲ, ಏಕೆಂದರೆ ಉದ್ದ ಆ ವೇಳೆಗಾಗಲೇ ತೀರ್ಮಾನವಾಗಿರುತ್ತದೆ. ಮೂಲೆಯೊಂದು ಬದಿಯ ಮೇಲೆ ಕೂರದೆ ಅದರ ಮುಂದುವರಿಕೆಯ ಮೇಲೆ ಹೋಗಿ ಕುಳಿತರೆ, ಅದನ್ನು ಒಳಕ್ಕೆ ಎಳೆದು ಬಿಡಿ. ಇಂಥದ್ದೇ ಇನ್ನೊಂದು ತಂತ್ರಾಂಶವಾದ ಫ್ರೀಕ್ಯಾಡ್‌ನ ಸ್ಕೆಚ್‌ನಲ್ಲಿಯೂ ಕ್ರಮ ಇದೇ.

ಕನ್‌ಸ್ಟ್ರೇಂಟ್‌ಗಳಿಲ್ಲದ ಹಳೆಯ ತಂತ್ರಾಂಶವಾದರೆ ಕ್ಯಾಲ್ಕ್ಯುಲೇಟರ್ ಸಾಕು. ಕರ್ಣದ ಓರೆಯಿಂದ ಆರಂಭಿಸಿ. ಕೈಯಲ್ಲಿರುವ ಓರೆಯ ಎರಡರಷ್ಟರ ಕೊಸೈನ್ ತೆಗೆದು, ಅದನ್ನು ಪಟ್ಟಿಯ ಅಗಲದಿಂದ ಗುಣಿಸಿ, ಕರ್ಣದ ಉದ್ದದಿಂದ ಭಾಗಿಸಿ. ಬಂದ ಸಂಖ್ಯೆ ಯಾವ ಕೋನದ ಸೈನ್ ಆಗಿದೆಯೋ ಆ ಕೋನವನ್ನು ಕರ್ಣದ ಓರೆಯಿಂದ ಕಳೆದರೆ ಹೊಸ ಓರೆ ಸಿಗುತ್ತದೆ. ನಿಮ್ಮ ಅಳತೆಗಳಿಗೆ ಇದು 36.87ರಿಂದ 35.80, 35.66, 35.65 ಎಂದು ಇಳಿದು ನಾಲ್ಕನೇ ಸುತ್ತಿಗೆ 35.64ಕ್ಕೆ ಬಂದು ನಿಲ್ಲುತ್ತದೆ. 1200ರಿಂದ ಅಗಲ ಮತ್ತು ಓರೆಯ ಸೈನ್‌ನ ಗುಣಲಬ್ಧವನ್ನು ಕಳೆದು, ಓರೆಯ ಕೊಸೈನ್‌ನಿಂದ ಭಾಗಿಸಿದರೆ ಉದ್ದ ದೊರೆಯುತ್ತದೆ.

ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಕೈವಾರವೇ ಸಾಕಾಗುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. 1400 × 100ರ ಪಟ್ಟಿ ಈಗಾಗಲೇ ಸಿದ್ಧವಿದೆ, ಚೌಕಟ್ಟಿನ ಅಗಲ 1200 ಎಂದು ನಿಶ್ಚಯವಾಗಿದೆ, ಎತ್ತರ ಮಾತ್ರ ತಿಳಿಯಬೇಕು ಎಂದಿಟ್ಟುಕೊಳ್ಳಿ. ಪಟ್ಟಿಗೂ ಚೌಕಟ್ಟಿಗೂ ಕೇಂದ್ರ ಒಂದೇ ಆಗಿರುವುದರಿಂದ ಪಟ್ಟಿಯ ನಾಲ್ಕು ಮೂಲೆಗಳೂ ಆ ಕೇಂದ್ರದ ಸುತ್ತಲಿನ ಒಂದೇ ವೃತ್ತದ ಮೇಲಿರುತ್ತವೆ. ಪಟ್ಟಿಯ ಕರ್ಣದ ಅರ್ಧವನ್ನು, ಅಂದರೆ 701.8 ಮಿ.ಮೀ.ಯನ್ನು, ತ್ರಿಜ್ಯವಾಗಿಟ್ಟು ಆ ವೃತ್ತವನ್ನು ಎಳೆಯಿರಿ. ಕೇಂದ್ರದಿಂದ 600 ಮಿ.ಮೀ. ಬಲಕ್ಕೆ ನಿಲುಗೆರೆ ಎಳೆದರೆ ಅದು ವೃತ್ತವನ್ನು ಮೇಲ್ಭಾಗದಲ್ಲಿ ಕಡಿಯುವ ಬಿಂದುವೇ ಪಟ್ಟಿಯ ಬಲಮೂಲೆ. ಅಲ್ಲಿಂದ 100 ಮಿ.ಮೀ. ತ್ರಿಜ್ಯದಲ್ಲಿ ದೊಡ್ಡ ವೃತ್ತವನ್ನು ಮೇಲಕ್ಕೆ ಕಡಿಸಿದರೆ ಸಿಗುವುದು ಮೇಲಿನ ಮೂಲೆ. ಅದು ಕೇಂದ್ರದಿಂದ 445.6 ಮಿ.ಮೀ. ಎತ್ತರದಲ್ಲಿರುತ್ತದೆ, ಆದ್ದರಿಂದ ಚೌಕಟ್ಟಿನ ಎತ್ತರ 891.2 ಮಿ.ಮೀ.