ಸಿಯಾಟಲ್‌ನಲ್ಲಿ ದೋಣಿ ನಡೆಸುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜುಲೈನಲ್ಲಿ ಗೆಳೆಯರ 28 ಅಡಿಯ ಮೋಟಾರ್ ದೋಣಿಯಲ್ಲಿ ಲೇಕ್ ಯೂನಿಯನ್‌ನಿಂದ ಬ್ಯಾಲರ್ಡ್ ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ, ಎರಡೂ ತುದಿಗೆ ಬಾಗಿಲಿರುವ ತೊಟ್ಟಿ) ದಾಟಿ ಸಮುದ್ರಕ್ಕೆ ಇಳಿಯಬೇಕೆಂದಿದ್ದೇವೆ. ಲಾಕ್ ಎಂದರೆ ಅಳುಕು. ಸಿದ್ಧತೆ ಹೇಗಿರಬೇಕು? (ರೆಡ್ಮಂಡ್‌ನ ಓದುಗರು)

ಉತ್ತರ: ಅಳುಕು ಬೇಡ, ಹಗ್ಗ ಬೇಕು. ಐವತ್ತು ಅಡಿ ಉದ್ದದ ಎರಡು ಹಗ್ಗ, ಪ್ರತಿಯೊಂದರ ತುದಿಯಲ್ಲೂ ಒಂದಡಿ ಅಗಲದ ಕುಣಿಕೆ. ಒಂದು ಹಗ್ಗ ದೋಣಿಯ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಫೆಂಡರ್‌ಗಳನ್ನು (ದೋಣಿ ಗೋಡೆಗೆ ಉಜ್ಜದಂತೆ ತಡೆಯುವ ಮೆತ್ತೆಗಳು) ಎರಡೂ ಬದಿಗೆ ಇಳಿಬಿಡಿ. ಯಾವ ಗೋಡೆಗೆ ನಿಲ್ಲಬೇಕೆಂದು ಹೇಳುವವರು ಲಾಕ್‌ನ ಸಿಬ್ಬಂದಿ. ಇನ್ನೊಂದು ಬದಿಗೆ ಬೇರೆ ದೋಣಿಯನ್ನೂ ತಂದು ಕಟ್ಟಿಸಬಹುದು.

ಐವತ್ತು ಅಡಿ ಯಾಕೆ? ಕೆರೆಯ ಮಟ್ಟ ಸಮುದ್ರಕ್ಕಿಂತ ಮೇಲಿದೆ. ಉಬ್ಬರ-ಇಳಿತ ನೋಡಿಕೊಂಡು ಈ ವ್ಯತ್ಯಾಸ ಸುಮಾರು 6 ಅಡಿಯಿಂದ 26 ಅಡಿಯವರೆಗೆ ಹೋಗುತ್ತದೆ. ಇಲ್ಲಿರುವುದು ಎರಡು ಲಾಕ್. 825 ಅಡಿ ಉದ್ದದ ದೊಡ್ಡ ಲಾಕ್‌ನಲ್ಲಿ ಗೋಡೆ ಅಲುಗುವುದಿಲ್ಲ, ನೀರಿನ ಜೊತೆ ನೀವು ಮಾತ್ರ ಇಳಿಯುತ್ತೀರಿ. ಕುಣಿಕೆಯನ್ನು ಸಿಬ್ಬಂದಿ ಮೇಲಿನ ಗೂಟಕ್ಕೆ ಹಾಕುತ್ತಾರೆ. ಈ ಕಡೆಯ ತುದಿಯನ್ನು ಕ್ಲೀಟ್‌ಗೆ (ದೋಣಿಯಲ್ಲಿ ಹಗ್ಗ ಸುತ್ತುವ ಕೊಂಬು) ಒಂದು ಸುತ್ತು ಹಾಕಿ ಕೈಯಲ್ಲೇ ಹಿಡಿದು, ದೋಣಿ ಇಳಿದಂತೆ ಬಿಡುತ್ತಾ ಹೋಗಬೇಕು. ಗಂಟು ಹಾಕಿ ಕೈಬಿಟ್ಟರೆ ದೋಣಿ ಗೋಡೆಗೆ ನೇತುಬೀಳುತ್ತದೆ; ಆಮೇಲೆ ಕ್ಲೀಟ್ ಕಿತ್ತು ಬರುತ್ತದೆ, ಇಲ್ಲವೇ ಹಗ್ಗ ಹರಿಯುತ್ತದೆ. ಹಗ್ಗ ಹಿಡಿದವರು ಫೋಟೊ ತೆಗೆಯಬಾರದು. ಇದನ್ನು ಹೊರಡುವ ಮೊದಲೇ ಎಲ್ಲರಿಗೂ ಖಡಾಖಂಡಿತವಾಗಿ ಹೇಳಿಬಿಡಿ.

ಚಿಕ್ಕ ಲಾಕ್ 150 ಅಡಿ ಉದ್ದ, 30 ಅಡಿ ಅಗಲ. ಅಲ್ಲಿ ಹಗ್ಗ ಕಟ್ಟುವ ಗೋಡೆ ನೀರಿನೊಂದಿಗೇ ಏರಿಳಿಯುವುದರಿಂದ ಕೆಲಸ ಹಗುರ. ಆದರೂ ಕಣ್ಣು ಹಗ್ಗದ ಮೇಲಿರಲಿ. ತೇಲುವ ಗೋಡೆ ಒಮ್ಮೊಮ್ಮೆ ಸಿಕ್ಕಿಕೊಳ್ಳುವುದುಂಟು. ಎರಡರಲ್ಲಿ ಯಾವುದು ಎಂಬುದು ನಿಮ್ಮ ಆಯ್ಕೆಯಲ್ಲ, ಹಾಗಾಗಿ ಉದ್ದದ ಹಗ್ಗ ಇಲ್ಲದೆ ಹೊರಡಬೇಡಿ.

ಕೆಂಪು ದೀಪಕ್ಕೆ ನಿಲ್ಲಿ, ಹಸಿರಿಗೆ ನಿಧಾನವಾಗಿ ಒಳಗೆ ಬನ್ನಿ. ಸರ್ಕಾರಿ ಹಡಗು, ವ್ಯಾಪಾರಿ ಹಡಗುಗಳಿಗೆ ಮೊದಲ ಸರದಿ. ಶುಲ್ಕವಿಲ್ಲ. ಬೇಸಿಗೆಯ ಭಾನುವಾರ ಸಂಜೆ ಎಲ್ಲರೂ ಒಟ್ಟಿಗೆ ಮನೆಗೆ ಮರಳುವ ಹೊತ್ತು. ಆಗ ಕಾಯುವುದೇ ದೊಡ್ಡ ಕೆಲಸ. ವಾರದ ದಿನದ ಬೆಳಿಗ್ಗೆ ಹೋಗಿ. ದುರಸ್ತಿಗೆ ಲಾಕ್ ಮುಚ್ಚಿರುವ ದಿನಗಳೂ ಉಂಟು, ಮುಂಚೆ ವಿಚಾರಿಸಿಕೊಳ್ಳಿ.

ಪ್ರಶ್ನೆ: ನಾನು ಕುಂದಾಪುರದವನು, ಅಳಿವೆ ದಾಟಿ ಅಭ್ಯಾಸವಿದೆ. ಲಾಕ್ ಬಾಗಿಲು ತೆರೆದಾಗಲೂ ಸೆಳೆತ ಇರುತ್ತದೆಯೇ?

ಉತ್ತರ: ಇರುತ್ತದೆ, ಆದರೆ ಅಲೆಯ ಕಾರಣಕ್ಕಲ್ಲ. ಉಪ್ಪುನೀರು ಭಾರ. ಸಮುದ್ರದ ಕಡೆಯ ಬಾಗಿಲು ತೆರೆಯುತ್ತಲೇ ಅದು ಅಡಿಯಿಂದ ಒಳನುಗ್ಗುತ್ತದೆ, ಸಿಹಿನೀರು ಮೇಲ್ಪದರದಲ್ಲಿ ಹೊರಗೆ ಹರಿಯುತ್ತದೆ. ಮಟ್ಟ ಸಮವಾಗಿದೆಯೆಂದು ಹಗ್ಗ ಬಿಚ್ಚಿದರೆ ದೋಣಿ ಅಡ್ಡ ತಿರುಗುತ್ತದೆ. ಸಿಬ್ಬಂದಿ ಹೇಳುವ ತನಕ ಹಿಡಿದಿರಿ. ಸಮುದ್ರದಿಂದ ಮರಳುವಾಗ ಚಿಕ್ಕ ಲಾಕ್‌ನ ದಕ್ಷಿಣಕ್ಕಿರುವ ಕೋಡಿಯ ನೀರು ಪಕ್ಕದಿಂದ ತಳ್ಳುತ್ತದೆ, ಅದಕ್ಕೂ ತಯಾರಿರಿ.

ಪ್ರಶ್ನೆ: ಊರಿಂದ ಅಪ್ಪ, ಅಮ್ಮ ಬಂದಿದ್ದಾರೆ. ದೋಣಿ ಬಾಡಿಗೆಗೆ ಪಡೆದು ಒಂದು ದಿನ ಏನೇನು ತೋರಿಸಬಹುದು? (ಬೆಲ್‌ವ್ಯೂ)

ಉತ್ತರ: ಹಿರಿಯರಿದ್ದರೆ ಲೇಕ್ ಯೂನಿಯನ್ ಬಿಟ್ಟು ಹೋಗಬೇಡಿ. ಅಲೆ ಕಡಿಮೆ, ತೇಲುಮನೆಗಳ ಸಾಲು, ಹಳೆಯ ಅನಿಲ ಸ್ಥಾವರದ ಯಂತ್ರಗಳನ್ನು ಹಾಗೇ ಉಳಿಸಿಕೊಂಡ ಗ್ಯಾಸ್ ವರ್ಕ್ಸ್ ಉದ್ಯಾನ ನೀರಿನಿಂದಲೇ ಚೆನ್ನಾಗಿ ಕಾಣುತ್ತವೆ. ದಕ್ಷಿಣ ದಡದಲ್ಲಿ ಸೆಂಟರ್ ಫಾರ್ ವುಡನ್ ಬೋಟ್ಸ್ ಇದೆ. ಮರದ ದೋಣಿ ಕಟ್ಟುವ ಕೈಕೆಲಸವನ್ನು ಉಳಿಸಿಕೊಂಡು ಬಂದಿರುವ ಈ ಜಾಗ ನಮ್ಮ ಮಟ್ಟಿಗೆ ನಗರದ ಅತ್ಯುತ್ತಮ ತಾಣ. ಪಕ್ಕದಲ್ಲೇ ಇತಿಹಾಸ ಮತ್ತು ಕೈಗಾರಿಕೆಯ ವಸ್ತುಸಂಗ್ರಹಾಲಯ.

ಕೆರೆಯ ನಡುವೆ ಸೀಪ್ಲೇನ್‌ಗಳು ಇಳಿಯುತ್ತವೆ, ಏರುತ್ತವೆ. ಉತ್ತರ-ದಕ್ಷಿಣವಾಗಿ ಸಾಲಾಗಿ ನಿಂತ ತೇಲುಬುರುಡೆಗಳ ಹಳದಿ ದೀಪ ಮಿನುಗತೊಡಗಿದರೆ ಪೂರ್ವಕ್ಕೋ ಪಶ್ಚಿಮಕ್ಕೋ 200 ಅಡಿ ಸರಿದುಬಿಡಿ. ಕೆರೆಯಿಂದ ಲಾಕ್ ಕಡೆಗೆ ಹೋಗುವ ಕಾಲುವೆಯಲ್ಲಿ ವೇಗದ ಮಿತಿ 7 ನಾಟ್. ಫ್ರೀಮಾಂಟ್ ಸೇತುವೆಯ ಕೆಳಗೆ ಸುಮಾರು 30 ಅಡಿ ತೆರವಿದೆ, ಬಾಡಿಗೆಯ ಸಣ್ಣ ದೋಣಿಗೆ ಧಾರಾಳ. ಎತ್ತರದ ಹಾಯಿದೋಣಿಯವರು ಒಂದು ಉದ್ದ, ಒಂದು ಗಿಡ್ಡ ಹಾರ್ನ್ ಹೊಡೆದು ಸೇತುವೆ ಎತ್ತಿಸಿಕೊಳ್ಳಬೇಕು. ವಾರದ ದಿನಗಳಲ್ಲಿ ಆಫೀಸಿಗೆ ಹೋಗಿಬರುವ ಹೊತ್ತಿನಲ್ಲಿ ಎತ್ತುವುದಿಲ್ಲ.

ಸಾಲ್ಮನ್ ಮೀನುಗಳ ಏಣಿಗೆ ನಡೆದೇ ಹೋಗಿ. ಲಾಕ್‌ನ ದಕ್ಷಿಣ ಬದಿಯಲ್ಲಿ, ಮೀನುಗಳು 21 ಮೆಟ್ಟಿಲು ಹತ್ತಿ ಸಿಹಿನೀರಿಗೆ ಬರುವುದನ್ನು ಗಾಜಿನ ಕಿಟಕಿಯಿಂದ ನೋಡಬಹುದು. ಸಾಲ್ಮನ್ ಜಾತಿಗಳಲ್ಲಿ ಸಾಕ್‌ಐ ಜುಲೈನಲ್ಲಿ, ಚಿನೂಕ್ ಆಗಸ್ಟ್‌ನಲ್ಲಿ, ಕೋಹೊ ಸೆಪ್ಟೆಂಬರ್‌ನಲ್ಲಿ ಹೆಚ್ಚು. ಮೇ ತಿಂಗಳಲ್ಲಿ ಕರೆದುಕೊಂಡು ಹೋಗಿ ಖಾಲಿ ನೀರು ತೋರಿಸಬೇಡಿ.

ಪ್ರಶ್ನೆ: ದೋಣಿ ನಡೆಸಲು ಪರವಾನಗಿ ಬೇಕೇ?

ಉತ್ತರ: ವಾಷಿಂಗ್ಟನ್ ರಾಜ್ಯದಲ್ಲಿ ನೆಲೆಸಿದ್ದು, 1955ರ ಜನವರಿ 1 ಅಥವಾ ನಂತರ ಹುಟ್ಟಿದವರಿಗೆ 15 ಅಶ್ವಶಕ್ತಿ ಅಥವಾ ಹೆಚ್ಚಿನ ಎಂಜಿನ್ ನಡೆಸಲು ಬೋಟರ್ ಕಾರ್ಡ್ ಬೇಕು. ಬಾಡಿಗೆಗೆ ಪಡೆಯುವವರು ಸುರಕ್ಷತಾ ಪಟ್ಟಿಯನ್ನು ಓದಿ ಸಹಿ ಹಾಕಿದರೆ ಸಾಕು. 19 ಅಡಿಗಿಂತ ಚಿಕ್ಕ ದೋಣಿಯಲ್ಲಿ 12 ವರ್ಷ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟೇ ಇರಬೇಕು. ದೊಡ್ಡವರೂ ತೊಡಿ: ಲಾಕ್‌ನಾಚೆಯ ಸಮುದ್ರಭಾಗವಾದ ಪ್ಯೂಜೆಟ್ ಸೌಂಡ್‌ನ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಬಿದ್ದ ಕೂಡಲೇ ಉಸಿರು ಕಟ್ಟಿ ಈಜು ಬಲ್ಲವರೂ ಮುಳುಗುತ್ತಾರೆ.

ಪ್ರಶ್ನೆ: ಓರ್ಕಾ (ಕಪ್ಪು-ಬಿಳಿ ಬಣ್ಣದ ಕೊಲೆಗಾರ ತಿಮಿಂಗಿಲ) ಕಂಡರೆ ಎಷ್ಟು ಹತ್ತಿರ ಹೋಗಬಹುದು?

ಉತ್ತರ: ಹೋಗಬಾರದು. ಅಳಿವಿನಂಚಿನಲ್ಲಿರುವ ಸದರ್ನ್ ರೆಸಿಡೆಂಟ್ ಎಂಬ ಗುಂಪಿನ ಓರ್ಕಾಗಳಿಂದ 1000 ಗಜ ದೂರವಿರಬೇಕೆಂಬ ನಿಯಮ 2025ರ ಜನವರಿಯಿಂದ ಜಾರಿಯಲ್ಲಿದೆ. ಅವು ಶಬ್ದದ ಪ್ರತಿಧ್ವನಿಯಿಂದಲೇ ಸಾಲ್ಮನ್ ಹುಡುಕುತ್ತವೆ, ಎಂಜಿನ್ ಸದ್ದು ಅದನ್ನು ಮುಚ್ಚಿಹಾಕುತ್ತದೆ. ಯಾವ ಗುಂಪಿನ ಓರ್ಕಾ ಎಂದು ದೂರದಿಂದ ಗುರುತಿಸುವುದು ಕಷ್ಟ, ಆದ್ದರಿಂದ ಎಲ್ಲಕ್ಕೂ ಇದೇ ದೂರ ಇಟ್ಟುಕೊಳ್ಳಿ. ದುರ್ಬೀನು ಒಯ್ಯಿರಿ.