ಗನ್ ಡಾಕ್ಯುಮೆಂಟರಿ ನೋಡಿ ಅಮೆರಿಕನ್ನರ ಮನಸ್ಸು ಬದಲಾಗುತ್ತಾ?

ಅಮೆರಿಕದ ಗನ್ ಹಿಂಸೆ ಬಗ್ಗೆ ಇಷ್ಟೆಲ್ಲ ಡಾಕ್ಯುಮೆಂಟರಿ ಬಂದಿವೆ, ಅಲ್ಲಿನವರ ಅಭಿಪ್ರಾಯ ಒಂಚೂರಾದರೂ ಬದಲಾಗಿದೆಯಾ ಅಂತ ಕೇಳಿದ್ದೀರಿ. ಕಾನೂನು ಬಿಗಿಯಾಗಬೇಕೋ ಬೇಡವೋ ಅನ್ನೋ ವಿಷಯದಲ್ಲಿ ಹೆಚ್ಚೇನೂ ಬದಲಾಗಿಲ್ಲ ಅನ್ನುತ್ತೇನೆ. ಯಾವುದಕ್ಕೆ ಹೆದರಬೇಕು ಅನ್ನೋ ವಿಷಯದಲ್ಲಿ ಮಾತ್ರ ಇವುಗಳ ಪ್ರಭಾವ ಜಾಸ್ತಿಯೇ ಇದೆ ಅಂತ ನನ್ನ ಅನಿಸಿಕೆ.

ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಅಮೆರಿಕದ ನಿರ್ದೇಶಕ ಮೈಕೆಲ್ ಮೂರ್ ಅವರ ‘ಬೌಲಿಂಗ್ ಫಾರ್ ಕೊಲಂಬೈನ್’, 2002ರದ್ದು. ಅದರಲ್ಲಿ ಒಂದು ಪ್ರಸಂಗ ಇದೆ. 1999ರ ಕೊಲಂಬೈನ್ ಶಾಲೆಯ ಗುಂಡಿನ ದಾಳಿಯಲ್ಲಿ ಬದುಕುಳಿದ ಇಬ್ಬರು ಹುಡುಗರನ್ನು ಮೂರ್ ಸೀದಾ ಕೆ-ಮಾರ್ಟ್ ಅನ್ನೋ ದೊಡ್ಡ ಅಂಗಡಿ ಸರಪಳಿಯ ಮುಖ್ಯ ಕಚೇರಿಗೆ ಕರೆದುಕೊಂಡು ಹೋಗುತ್ತಾರೆ. ಒಬ್ಬ ವೀಲ್‌ಚೇರ್‌ನಲ್ಲಿದ್ದಾನೆ. ಅವರ ಮೈ ಹೊಕ್ಕ ಗುಂಡುಗಳನ್ನು ಕೊಂಡಿದ್ದು ಕೆ-ಮಾರ್ಟ್‌ನಲ್ಲಿ. ಮೊದಲ ದಿನ ಕಂಪನಿಯವರು ಏನೇನೋ ಹೇಳಿ ಸಾಗಹಾಕುತ್ತಾರೆ. ಮರುದಿನ ಇವರು ಪತ್ರಕರ್ತರನ್ನೂ ಕಟ್ಟಿಕೊಂಡು ಬಂದಾಗ, ಪಿಸ್ತೂಲಿನ ಗುಂಡುಗಳ ಮಾರಾಟವನ್ನು 90 ದಿನಗಳಲ್ಲಿ ನಿಲ್ಲಿಸುತ್ತೇವೆ ಅಂತ ಘೋಷಣೆ! ಮೂರ್‌ಗೇ ನಂಬಲಾಗುವುದಿಲ್ಲ.

ಚಿತ್ರಕ್ಕೆ ಆಸ್ಕರ್ ಬಂತು, ದುಡ್ಡೂ ಬಂತು. ಆದರೆ 2004ರಲ್ಲಿ ಅಸಾಲ್ಟ್ ಗನ್ (ಸೇನೆಯ ಬಂದೂಕಿನ ಮಾದರಿಯ ಗನ್) ನಿಷೇಧದ ಅವಧಿ ಮುಗಿದಾಗ ಅದನ್ನು ಮುಂದುವರಿಸಲೇ ಇಲ್ಲ. ಗನ್ ಮಾರಾಟದ ಕಾನೂನು ಬಿಗಿಯಾಗಲಿ ಅನ್ನುವವರು ಗ್ಯಾಲಪ್ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಲ್ಲಿ 1990ರಲ್ಲಿ ಶೇ. 78 ಇದ್ದರು, 2010ಕ್ಕೆ ಶೇ. 44ಕ್ಕೆ ಇಳಿದರು. ಆ ಸಂಖ್ಯೆ ಮತ್ತೆ ಏರಿದ್ದು 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಪುಟ್ಟ ಮಕ್ಕಳು ಸತ್ತ ಮೇಲೆ. ಅಂದರೆ ಅಲುಗಾಡಿಸಿದ್ದು ಘಟನೆ, ಸಿನಿಮಾ ಅಲ್ಲ. ಅದೇ ತಿಂಗಳು ಗನ್ ಕೊಳ್ಳುವವರೂ ಮುಗಿಬಿದ್ದರು ಅನ್ನೋದು ಇನ್ನೊಂದು ಕಥೆ.

ಎದುರು ಪಾಳೆಯದವರಿಗೆ ಸಿನಿಮಾದವರೇ ಅಸ್ತ್ರ ಕೊಟ್ಟಿದ್ದೂ ಇದೆ. 2016ರ ‘ಅಂಡರ್ ದ ಗನ್’ನಲ್ಲಿ ಟಿವಿ ಪತ್ರಕರ್ತೆ ಕೇಟಿ ಕೌರಿಕ್ ವರ್ಜೀನಿಯಾದ ಗನ್ ಪರ ಗುಂಪಿಗೆ ಒಂದು ಪ್ರಶ್ನೆ ಹಾಕುತ್ತಾರೆ: ಕೊಳ್ಳುವವರ ಹಿನ್ನೆಲೆ ತಪಾಸಣೆ ಇಲ್ಲದಿದ್ದರೆ ಅಪರಾಧಿಗಳು ಗನ್ ಕೊಳ್ಳೋದನ್ನು ತಡೆಯೋದು ಹೇಗೆ? ಪರದೆ ಮೇಲೆ ಎಲ್ಲರೂ ಹಲವು ಸೆಕೆಂಡು ಮಿಕಮಿಕ ನೋಡುತ್ತಾ ಕೂತಿದ್ದಾರೆ. ನಿಜದಲ್ಲಿ ಅವರು ತಕ್ಷಣ ಉತ್ತರ ಕೊಟ್ಟಿದ್ದರು. ಗುಂಪಿನವರ ಬಳಿ ಆಡಿಯೋ ಇತ್ತು, ಹೊರಗೆ ಬಿಟ್ಟರು. ಕೌರಿಕ್ ತಪ್ಪು ಒಪ್ಪಿಕೊಳ್ಳಬೇಕಾಯಿತು. ಎರಡೂ ಕಡೆ ವಾಲದೆ ನಡುವೆ ಇದ್ದ ಪ್ರೇಕ್ಷಕ ಇಂಥದ್ದನ್ನು ಕೇಳಿದ ಮೇಲೆ ಉಳಿದ ಚಿತ್ರವನ್ನೂ ನಂಬಲ್ಲ, ಅಲ್ವಾ? ಅಷ್ಟು ಸೆಕೆಂಡಿಗೆ ಇದೆಲ್ಲ ಬೇಕಿತ್ತಾ!

ಇನ್ನು ಹೆದರಿಕೆ ವಿಷಯ. ಹೆಸರು ಮಾಡಿದ ಚಿತ್ರಗಳಲ್ಲಿ ಹೆಚ್ಚಿನವು ಶಾಲೆಯ ದಾಳಿಗಳ ಮೇಲೆ. 2021ರಲ್ಲಿ ಅಮೆರಿಕದಲ್ಲಿ ಗುಂಡೇಟಿಗೆ ಸತ್ತವರು 48,830 ಜನ. ಅದರಲ್ಲಿ 26,328 ಆತ್ಮಹತ್ಯೆಗಳು. ಅರ್ಧಕ್ಕಿಂತ ಜಾಸ್ತಿ! ಸಾಮೂಹಿಕ ದಾಳಿಗಳಲ್ಲಿ ಸಾಯುವವರು ಒಟ್ಟು ಲೆಕ್ಕದಲ್ಲಿ ತೀರಾ ಸಣ್ಣ ಪಾಲು. ಆದರೆ ಮನೆಯ ಕಪಾಟಿನಲ್ಲಿರುವ ಗನ್‌ನಿಂದ ಯಾರೋ ಒಬ್ಬರು ಜೀವ ಕಳೆದುಕೊಂಡರೆ ಅಲ್ಲಿ ಕ್ಯಾಮೆರಾ ಇರಲ್ಲ, ಪ್ರತಿಭಟನೆ ಇರಲ್ಲ, ಖಳನಾಯಕನೂ ಇರಲ್ಲ. ಹಾಗಾಗಿ ಚಿತ್ರ ನೋಡಿದವರು ಶಾಲೆಯ ಬಾಗಿಲಿಗೆ ಬೀಗ ಕೇಳುತ್ತಾರೆ, ಮನೆಯ ಗನ್‌ಗೆ ಬೀಗ ಹಾಕೋದು ನೆನಪಾಗಲ್ಲ.

ಒಂದೇ ಚಿತ್ರ ನೋಡಬೇಕು ಅಂದರೆ 2016ರ ‘ನ್ಯೂಟೌನ್’ ನೋಡಿ. ಸ್ಯಾಂಡಿ ಹುಕ್‌ನಲ್ಲಿ ಮಕ್ಕಳನ್ನು ಕಳೆದುಕೊಂಡವರು ಅದರಲ್ಲಿ ಮಾತಾಡುತ್ತಾರೆ. ಮೂರ್ ಥರ ಯಾರ ಬೆನ್ನೂ ಹತ್ತೋದಿಲ್ಲ.